ಮನೆಯಲ್ಲಿದ್ದೂ ಡ್ಯೂಟಿ: ಸ್ಟ್ಯಾಂಡ್‌ಬೈ ಕ್ಯಾಬಿನ್ ಕ್ರೂಗೆ ಯೂನಿಯನ್ ಏನು ಮಾಡಿಕೊಡಬಲ್ಲದು?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದವಳು. ಬೆಂಗಳೂರು ಬೇಸ್ ಇರುವ ಒಂದು ಏರ್‌ಲೈನ್‌ನಲ್ಲಿ ಕ್ಯಾಬಿನ್ ಕ್ರೂ ಆಗಿ ಒಂದು ವರ್ಷ ಎರಡು ತಿಂಗಳಾಯಿತು. ಐದು ವರ್ಷದ ಕಾಂಟ್ರ್ಯಾಕ್ಟ್. ತಿಂಗಳಿಗೆ ಹನ್ನೊಂದು, ಹನ್ನೆರಡು ದಿನ ಹೋಮ್ ಸ್ಟ್ಯಾಂಡ್‌ಬೈ ಬರುತ್ತದೆ, ಅಂದರೆ ಕರೆ ಬಂದ ಕೂಡಲೇ ಹೊರಡಲು ಸಿದ್ಧಳಾಗಿ ಮನೆಯಲ್ಲೇ ಕಾಯುವ ಡ್ಯೂಟಿ. ಕರೆದರೆ ಫ್ಲೈಟ್, ಕರೆಯದಿದ್ದರೆ ಆ ದಿನಕ್ಕೆ ಫ್ಲೈಯಿಂಗ್ ಅಲೋಯನ್ಸ್ ಇಲ್ಲ. ಹೋದ ತಿಂಗಳು ಬೆಳಗಿನ ಜಾವದ ಒಂದು ಕರೆ ತಪ್ಪಿಹೋಯಿತು. ನೋ-ಶೋ, ಅಂದರೆ ಡ್ಯೂಟಿಗೆ ಬರಲಿಲ್ಲ, ಎಂದು ಬರೆದು ನೋಟಿಸ್ ಕೊಟ್ಟಿದ್ದಾರೆ. ಯೂನಿಯನ್ ಸೇರಿದರೆ ಕಾಂಟ್ರ್ಯಾಕ್ಟ್ ರಿನ್ಯೂ ಆಗಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ. ನನ್ನಂಥವರಿಗೆ ಯೂನಿಯನ್‌ನಿಂದ ನಿಜಕ್ಕೂ ಉಪಯೋಗ ಇದೆಯೇ?

ಉತ್ತರ: ಮೊದಲು ಆ ನೋಟಿಸ್ ನೋಡೋಣ. ಯೂನಿಯನ್ ವಿಚಾರ ಮುಂದಿನ ವಾರಕ್ಕೂ ಕಾಯುತ್ತದೆ, ನೋಟಿಸ್‌ನ ಗಡುವು ಕಾಯುವುದಿಲ್ಲ.

ಇಂಥ ನೋಟಿಸ್ ಬಂದಾಗ ಹೆಚ್ಚಿನವರು ಗಾಬರಿಯಲ್ಲಿ ಮಾಡುವುದು ಒಂದೇ: "ತಪ್ಪಾಯಿತು, ಇನ್ನು ಮುಂದೆ ಹೀಗಾಗುವುದಿಲ್ಲ" ಎಂದು ಎರಡು ಸಾಲು ಬರೆದು ಕಳಿಸಿಬಿಡುತ್ತಾರೆ. ಆ ಎರಡು ಸಾಲು ನಿಮ್ಮ ಫೈಲಿನಲ್ಲಿ ತಪ್ಪೊಪ್ಪಿಗೆಯಾಗಿ ಕೂರುತ್ತದೆ. ಮುಂದೆ ಇನ್ನೊಂದು ಕರೆ ತಪ್ಪಿದರೆ ಅದು ಎರಡನೆಯ ಅಪರಾಧವಾಗುತ್ತದೆ. ಉತ್ತರದಲ್ಲಿ ಕ್ಷಮೆ ಬೇಡ, ಸಿಟ್ಟೂ ಬೇಡ. ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಸ್ಟ್ಯಾಂಡ್‌ಬೈ ಎಷ್ಟರಿಂದ ಎಷ್ಟು ಗಂಟೆಗೆ ಇತ್ತು, ನಿಮ್ಮ ಫೋನಿನ ಕಾಲ್ ಲಾಗ್ ಏನು ತೋರಿಸುತ್ತದೆ, ನೀವು ಎಷ್ಟು ನಿಮಿಷದೊಳಗೆ ವಾಪಸ್ ಕರೆ ಮಾಡಿದಿರಿ, ಆಗ ಕ್ರೂ ಕಂಟ್ರೋಲ್ (ನಿಮ್ಮನ್ನು ಡ್ಯೂಟಿಗೆ ಕರೆಯುವ ವಿಭಾಗ) ಏನು ಹೇಳಿತು, ಇಷ್ಟನ್ನು ಗಂಟೆ ನಿಮಿಷದ ಸಮೇತ ಬರೆಯಿರಿ. ಆಮೇಲೆ ಮೂರು ವಿಷಯ ಕೇಳಿ: ಅವರು ಎಷ್ಟು ಸಲ, ಎಷ್ಟು ಅಂತರದಲ್ಲಿ ಕರೆ ಮಾಡಿದರು, ನೀವು ಕೊಟ್ಟಿರುವ ಎರಡನೆಯ ನಂಬರಿಗೆ ಮಾಡಿದರೇ, ಇಷ್ಟು ನಿಮಿಷದಲ್ಲಿ ಉತ್ತರಿಸಬೇಕು ಎಂಬ ನಿಯಮ ಕಂಪನಿಯ ಯಾವ ಮ್ಯಾನ್ಯುಯಲ್‌ನ ಯಾವ ಪುಟದಲ್ಲಿದೆ.

ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಇಂದೇ ತೆಗೆದಿಡಿ. ಹೊಸ ಕರೆಗಳು ಬರುತ್ತಿದ್ದಂತೆ ಎಷ್ಟೋ ಫೋನ್‌ಗಳಲ್ಲಿ ಹಳೆಯವು ಅಳಿಸಿಹೋಗುತ್ತವೆ. ನೆಟ್‌ವರ್ಕ್ ಇಲ್ಲದಾಗ ಬಂದ ಕರೆಗೆ ಆಮೇಲೆ ಬರುವ ಮಿಸ್ಡ್ ಕಾಲ್ ಎಸ್‌ಎಂಎಸ್ ಕೂಡ ಸಾಕ್ಷಿಯೇ, ಅಳಿಸಬೇಡಿ. ನೋಟಿಸ್ ಮತ್ತು ನಿಮ್ಮ ಉತ್ತರದ ಪ್ರಿಂಟ್ ಮನೆಯಲ್ಲಿರಲಿ. ಕಂಪನಿ ಮೇಲ್‌ನಿಂದ ಸ್ವಂತ ಮೇಲ್‌ಗೆ ರಾಶಿರಾಶಿ ಫಾರ್ವರ್ಡ್ ಮಾಡಿದರೆ ಅದನ್ನೇ ಬೇರೊಂದು ಆರೋಪ ಮಾಡುವ ಸಾಧ್ಯತೆ ಇರುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ. ನಿಮ್ಮ ರೋಸ್ಟರ್ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿದೆಯೇ? ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. 14ನೇ ತಾರೀಖು 22:30 ಎಂದು ಬರೆದಿದ್ದರೆ ನಮ್ಮ ಗಡಿಯಾರದಲ್ಲಿ ಅದು 15ನೇ ತಾರೀಖು ಬೆಳಗಿನ ಜಾವ 4 ಗಂಟೆ. ತಾರೀಖೇ ಬದಲಾಗುವುದರಿಂದ ಬೆಳಗಿನ ಜಾವದ ಸ್ಟ್ಯಾಂಡ್‌ಬೈ ತಪ್ಪುವುದಕ್ಕೆ ಇದು ದೊಡ್ಡ ಕಾರಣ. ಆ್ಯಪ್ ಒಂದು ಸಮಯ, ಮೇಲ್‌ನಲ್ಲಿ ಬಂದ ಪಿಡಿಎಫ್ ಇನ್ನೊಂದು ಸಮಯ ತೋರಿಸುತ್ತಿದ್ದರೆ ಎರಡನ್ನೂ ಉತ್ತರದ ಜೊತೆ ಲಗತ್ತಿಸಿ.

ಈಗ ಮೂಲ ವಿಷಯ. ಸ್ಟ್ಯಾಂಡ್‌ಬೈ ಎಂದರೆ ನಿಮ್ಮ ಸಮಯವನ್ನು ಕಂಪನಿ ತನ್ನ ಕೈಯಲ್ಲಿ ಹಿಡಿದುಕೊಂಡಿರುವುದು. ಅಮೆರಿಕದಲ್ಲಿ ಇದನ್ನೇ ರಿಸರ್ವ್ ಎನ್ನುತ್ತಾರೆ. ಯಾರಿಗೋ ಜ್ವರ ಬಂದಾಗ, ಹಿಂದಿನ ವಿಮಾನ ತಡವಾಗಿ ಒಂದು ತಂಡದ ಡ್ಯೂಟಿ ಗಂಟೆ ಮುಗಿದುಹೋದಾಗ, ವಿಮಾನ ನಿಲ್ಲದಿರಲಿ ಎಂದು ಇಟ್ಟುಕೊಂಡಿರುವ ಜನ ನೀವು. ಪ್ರಯಾಣಿಕರ ವಿಮಾನ ಹೊರಡುವುದೇ ನಿಮ್ಮ ಕಾಯುವಿಕೆಯ ಬಲದಿಂದ. ಆ ಕಾಯುವಿಕೆಗೆ ಬೆಲೆ ಕಟ್ಟಿಸುವುದೇ ಇಲ್ಲಿ ಯೂನಿಯನ್‌ನ ಕೆಲಸ. ಅದು ಭಾಷಣದಿಂದ ಆಗುವುದಿಲ್ಲ, ಲೆಕ್ಕದಿಂದ ಆಗುತ್ತದೆ. ಆ ಲೆಕ್ಕ ಇರಬೇಕಾದದ್ದು ನಿಮ್ಮ ಹತ್ತಿರ.

ಹಾಗಾಗಿ ಯಾವ ಯೂನಿಯನ್ ಎಂದು ಹುಡುಕುವ ಮುಂಚೆ ಒಂದು ನೋಟ್‌ಬುಕ್ ಶುರುಮಾಡಿ. ಒಂದು ದಿನದ ದಾಖಲೆ ಹೀಗಿರಬೇಕು: ಹೋಮ್ ಸ್ಟ್ಯಾಂಡ್‌ಬೈ 04:00ರಿಂದ 12:00. ಕರೆ ಬಂದದ್ದು 05:12. ಮನೆ ಬಿಟ್ಟದ್ದು 05:40. ರಿಪೋರ್ಟಿಂಗ್ 06:45. ಪುಣೆಗೆ ಚಾಕ್ಸ್ ಆಫ್ (ವಿಮಾನ ನಿಂತಲ್ಲಿಂದ ಕದಲಿದ್ದು) 07:50, ಆನ್ (ತಲುಪಿ ನಿಂತದ್ದು) 09:25. ವಾಪಸ್ 10:10, ಆನ್ 11:45. ಡ್ಯೂಟಿ ಬಿಟ್ಟದ್ದು 12:15. ಮನೆ 13:20. ಈಗ ಕೂಡಿ ನೋಡಿ. ಬ್ಲಾಕ್ ಅವರ್, ಅಂದರೆ ಚಾಕ್ಸ್ ಆಫ್‌ನಿಂದ ಆನ್‌ವರೆಗಿನ ಸಮಯದ ಲೆಕ್ಕದಲ್ಲಿ ಅಲೋಯನ್ಸ್ ಕೊಡುವ ಕಂಪನಿಯಲ್ಲಿ ಈ ದಿನಕ್ಕೆ ಸಿಗುವುದು ಹೋಗಿಬಂದ ಎರಡು ಸೆಕ್ಟರ್‌ನ 3 ಗಂಟೆ 10 ನಿಮಿಷ. ರಿಪೋರ್ಟಿಂಗ್‌ನಿಂದ ಬಿಡುಗಡೆವರೆಗಿನ ಡ್ಯೂಟಿ 5 ಗಂಟೆ 30 ನಿಮಿಷ. ಬೆಳಗಿನ 4ಕ್ಕೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತಲ್ಲಿಂದ ಮನೆ ಸೇರುವವರೆಗೆ 9 ಗಂಟೆ 20 ನಿಮಿಷ. ಒಂದೇ ದಿನಕ್ಕೆ ಮೂರು ಅಂಕಿ, ಮೂರೂ ನಿಜ. ಕರೆಯೇ ಬಾರದ ದಿನದ್ದನ್ನೂ ತಪ್ಪದೆ ಬರೆಯಿರಿ, ಮಾತುಕತೆಯ ಮೇಜಿನಲ್ಲಿ ಹೆಚ್ಚು ತೂಕ ಆ ಸಾಲುಗಳಿಗೇ.

ಮೂರು ತಿಂಗಳು ಹೀಗೆ ಬರೆದರೆ ನಿಮ್ಮ ಕಥೆ ಸಿಗುತ್ತದೆ. ನಿಮ್ಮಂಥ ಮೂವತ್ತು ಜನ ಬರೆದರೆ ಕಂಪನಿಯ ಪದ್ಧತಿಯೇ ಕಾಣುತ್ತದೆ: ಯಾರಿಗೆ ಎಷ್ಟು ಸ್ಟ್ಯಾಂಡ್‌ಬೈ, ಯಾರನ್ನು ಪದೇ ಪದೇ ಕರೆಯುತ್ತಾರೆ, ಯಾರನ್ನು ಬಿಡುತ್ತಾರೆ, ಎಷ್ಟು ಸಲ ಸ್ಟ್ಯಾಂಡ್‌ಬೈ ಮುಗಿಯುವ ಕೊನೆಯ ಅರ್ಧ ಗಂಟೆಯಲ್ಲಿ ಕರೆ ಬರುತ್ತದೆ. ಒಬ್ಬಳು ದೂರಿದರೆ ಅದು ಗೊಣಗಾಟ, ಮೂವತ್ತು ಜನರ ಅಂಕಿ ಒಟ್ಟಿಗೆ ಬಂದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಅಂಕಿಗಳನ್ನಷ್ಟೇ ಹಂಚಿಕೊಳ್ಳಿ, ಹೆಸರು, ಸ್ಟಾಫ್ ನಂಬರ್ ಬೇಡ. ರೋಸ್ಟರ್‌ನ ಫೋಟೋ ಇನ್‌ಸ್ಟಾಗ್ರಾಂಗೆ ಹಾಕುವುದಂತೂ ಬೇಡವೇ ಬೇಡ.

ನಿಯಮ ಏನು ಹೇಳುತ್ತದೆ ಎಂದರೆ: ಹಾರಾಟದ ಗಂಟೆ, ಡ್ಯೂಟಿ ಗಂಟೆ, ವಿಶ್ರಾಂತಿಯ ಮಿತಿಗಳನ್ನು ಕೇಂದ್ರದ ವಿಮಾನಯಾನ ನಿಯಂತ್ರಕ ಡಿಜಿಸಿಎ ಹಾಕುತ್ತದೆ. ಕಂಪನಿ ಆ ಮಿತಿಯೊಳಗೆ ತನ್ನದೇ ಯೋಜನೆ ಮಾಡಿ ಆಪರೇಷನ್ಸ್ ಮ್ಯಾನ್ಯುಯಲ್‌ನಲ್ಲಿ ಸೇರಿಸಿರುತ್ತದೆ. ಎ ಭಾಗದ 7ನೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ನೀವೇ ಓದಿ. ಸ್ಟ್ಯಾಂಡ್‌ಬೈಗೆ ಸಂಬಂಧಿಸಿದ ಪ್ಯಾರಾಗಳು ಬಹಳ ಇರುವುದಿಲ್ಲ, ಒಂದು ಸಂಜೆಯ ಕೆಲಸ. ಒಂದು ಎಚ್ಚರಿಕೆ: ವಾರಕ್ಕೆ 48 ಗಂಟೆ ವಿಶ್ರಾಂತಿ ಕಡ್ಡಾಯ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. 2025ರ ಜುಲೈನಿಂದ ಬಂದ ಆ ನಿಯಮ ಪೈಲಟ್‌ಗಳದ್ದು. ಪೈಲಟ್ ಸಂಘಟನೆಗಳು ದೆಹಲಿ ಹೈಕೋರ್ಟ್‌ವರೆಗೆ ಹೋಗಿ ಹೋರಾಡಿದ್ದರ ಫಲ ಅದು. ಕ್ಯಾಬಿನ್ ಕ್ರೂ ನಿಯಮಾವಳಿ ಬೇರೆ. ಪೈಲಟ್‌ಗಳ ನಿಯಮ ಹಿಡಿದು ವಾದಿಸಲು ಹೋದರೆ ಮೊದಲ ನಿಮಿಷದಲ್ಲೇ ನಿಮ್ಮ ಮಾತಿನ ಬೆಲೆ ಹೋಗುತ್ತದೆ.

ಹೊರದೇಶದ ನಿಯಮ ಇಲ್ಲಿ ನಡೆಯುವುದಿಲ್ಲ. ಆದರೂ ಏನು ಕೇಳಬಹುದು ಎಂಬುದಕ್ಕೆ ಅವು ಒಳ್ಳೆಯ ಮಾದರಿ. ಯುರೋಪಿನಲ್ಲಿ ಏರ್‌ಪೋರ್ಟ್ ಸ್ಟ್ಯಾಂಡ್‌ಬೈ ಪೂರ್ತಿ ಡ್ಯೂಟಿ ಎಂದೇ ಲೆಕ್ಕ. ಅಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕೂರಿಸಿದರೆ ಹೆಚ್ಚುವರಿ ಗಂಟೆಗಳನ್ನು ಆ ದಿನದ ಹಾರಾಟದ ಡ್ಯೂಟಿ ಮಿತಿಯಿಂದ ಕಳೆಯುತ್ತಾರೆ. ಹೋಮ್ ಸ್ಟ್ಯಾಂಡ್‌ಬೈ 16 ಗಂಟೆ ಮೀರುವಂತಿಲ್ಲ, ಅದರ ಕಾಲು ಭಾಗ ಒಟ್ಟು ಡ್ಯೂಟಿ ಗಂಟೆಗೆ ಸೇರುತ್ತದೆ. ಎದ್ದಿರುವ ಸಮಯ ಒಟ್ಟು 18 ಗಂಟೆ ದಾಟದಂತೆ ಸ್ಟ್ಯಾಂಡ್‌ಬೈ ಮತ್ತು ಡ್ಯೂಟಿಯನ್ನು ಹೊಂದಿಸಬೇಕೆಂಬ ಷರತ್ತೂ ಇದೆ. ಅಮೆರಿಕದಲ್ಲಿ 14 ಗಂಟೆವರೆಗಿನ ಡ್ಯೂಟಿಯ ನಂತರ 10 ಗಂಟೆ ವಿಶ್ರಾಂತಿ ಕಡ್ಡಾಯವಾದದ್ದು 2022ರ ಅಕ್ಟೋಬರ್‌ನಲ್ಲಿ ಅಂತಿಮಗೊಂಡ ನಿಯಮದಿಂದ. ಮೊದಲು ಅದು 9 ಗಂಟೆ, ಅದನ್ನು 8ಕ್ಕೂ ಇಳಿಸಬಹುದಿತ್ತು. ಆ ಒಂದೆರಡು ಗಂಟೆಗಾಗಿ ಅಲ್ಲಿನ ಕ್ಯಾಬಿನ್ ಕ್ರೂ ಸಂಘಟನೆಗಳು ವರ್ಷಾನುಗಟ್ಟಲೆ ಓಡಾಡಿವೆ.

ದುಡ್ಡಿನ ಖಾತರಿ ಮಾತ್ರ ಅಲ್ಲಿಯೂ ಸರ್ಕಾರದ ನಿಯಮದಿಂದ ಬರಲಿಲ್ಲ, ಯೂನಿಯನ್ ಒಪ್ಪಂದದಿಂದ ಬಂತು. ರಿಸರ್ವ್‌ನಲ್ಲಿರುವವರಿಗೆ ಕರೆ ಬಂದರೂ ಬಾರದಿದ್ದರೂ ತಿಂಗಳಿಗೆ ಇಷ್ಟು ಗಂಟೆಯ ಸಂಬಳ ಖಚಿತ ಎಂಬ ಷರತ್ತು ಅಮೆರಿಕದ ಒಪ್ಪಂದಗಳಲ್ಲಿ ಸಾಮಾನ್ಯ, 70ರಿಂದ 80 ಗಂಟೆಯ ಆಸುಪಾಸಿನಲ್ಲಿ. ಅಲ್ಲಿನ ಯೂನಿಯನ್ ಘಟಕಗಳು ರಿಸರ್ವ್ ಕಮಿಟಿ ಎಂದು ಪ್ರತ್ಯೇಕ ಸಮಿತಿ ಇಟ್ಟುಕೊಳ್ಳುತ್ತವೆ. ಕರೆ ಕೊಟ್ಟ ಸರದಿಯನ್ನು ಒಪ್ಪಂದದ ಜೊತೆ ತಾಳೆ ನೋಡುವುದು, ತಪ್ಪಿದ್ದರೆ ಗಡುವಿನೊಳಗೆ ದೂರು ಹಾಕುವುದು, ಹೊಸಬರಿಗೆ ನಿಯಮ ಬಿಡಿಸಿ ಹೇಳುವುದು ಅದರ ಕೆಲಸ. ನಮ್ಮಲ್ಲಿ ಯೂನಿಯನ್ ಎಂದರೆ ಜಗಳ ಬಂದ ದಿನ ಹುಡುಕುವ ಆಫೀಸು ಎಂಬ ಭಾವನೆ ಇದೆ. ಸ್ಟ್ಯಾಂಡ್‌ಬೈ ಜನಕ್ಕೆ ಬೇಕಾದದ್ದು ದಿನವೂ ಲೆಕ್ಕ ನೋಡುವ ಯೂನಿಯನ್. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಸುಮಾರು ಹತ್ತು ಸಾವಿರ ಫ್ಲೈಟ್ ಅಟೆಂಡೆಂಟ್‌ಗಳು ಕೆಲಸ ನಿಲ್ಲಿಸಿದಾಗ ಮುಖ್ಯ ಬೇಡಿಕೆಯೂ ಇದೇ ಜಾತಿಯದು: ವಿಮಾನ ನೆಲದ ಮೇಲಿರುವಾಗ ಮಾಡುವ ಕೆಲಸಕ್ಕೂ ಸಂಬಳ ಬೇಕು.

ಇಲ್ಲಿ ನಿಮ್ಮ ಯೂನಿಯನ್ ಏನು ಕೇಳಬೇಕು? ಒಮ್ಮೆಗೇ ತಿಂಗಳ ಖಾತರಿ ಕೇಳಿದರೆ ಕಂಪನಿ ಬಾಗಿಲು ಹಾಕಿಕೊಳ್ಳುತ್ತದೆ. ದುಡ್ಡು ಖರ್ಚಾಗದ, ನಿಮ್ಮ ಬದುಕು ಬದಲಾಯಿಸುವ ಎರಡು ಮಾತಿನಿಂದ ಶುರುಮಾಡುವುದು ಜಾಣತನ. ಒಂದು, ಕರೆಗೆ ಉತ್ತರಿಸಲು ಲಿಖಿತ ಅವಧಿ: ಮೊದಲ ಕರೆ, ಇಷ್ಟು ನಿಮಿಷ ಬಿಟ್ಟು ಎರಡನೆಯದು, ಆಮೇಲೆ ಪರ್ಯಾಯ ನಂಬರ್, ಅದಾದ ಮೇಲಷ್ಟೇ ನೋ-ಶೋ. ಈ ಒಂದು ಪ್ಯಾರಾ ಇದ್ದಿದ್ದರೆ ನಿಮ್ಮ ನೋಟಿಸ್ ಬಹುಶಃ ಬರುತ್ತಲೇ ಇರಲಿಲ್ಲ. ಎರಡು, ಬಿಡುಗಡೆ: ಸ್ಟ್ಯಾಂಡ್‌ಬೈ ಮುಗಿಯಿತು ಅಥವಾ ಇನ್ನು ಬೇಕಿಲ್ಲ ಎಂಬ ಸಂದೇಶ ಆ್ಯಪ್‌ನಲ್ಲೇ ಬರಬೇಕು. ವಿಶ್ರಾಂತಿ ಯಾವಾಗಿನಿಂದ ಲೆಕ್ಕ ಎಂಬುದು ಆಗ ಜಗಳವಾಗುವುದಿಲ್ಲ. ಇವೆರಡು ಗೆದ್ದರೆ ಜನರಿಗೆ ನಂಬಿಕೆ ಬರುತ್ತದೆ, ಸದಸ್ಯತ್ವ ಏರುತ್ತದೆ.

ಆಮೇಲೆ ದುಡ್ಡು. ಕರೆ ಬಾರದ ಸ್ಟ್ಯಾಂಡ್‌ಬೈ ದಿನಕ್ಕೂ, ಕರೆದ ಮೇಲೆ ಫ್ಲೈಟ್ ರದ್ದಾದ ದಿನಕ್ಕೂ ಇಷ್ಟು ಗಂಟೆಯ ಕನಿಷ್ಠ ಜಮೆ ಕೇಳಿ. ತಿಂಗಳ ಖಾತರಿ ಸಿಕ್ಕಾಗ ಸಣ್ಣ ಅಕ್ಷರ ನೋಡಬೇಕು: "ಒಂದು ಕರೆ ತಪ್ಪಿದರೂ ಆ ತಿಂಗಳ ಖಾತರಿ ಇಲ್ಲ" ಎಂಬ ಸಾಲು ಒಳಗೆ ನುಸುಳಿದರೆ ಕೊಟ್ಟ ಕೈಯಲ್ಲೇ ಕಿತ್ತುಕೊಂಡಂತೆ. ತಿಂಗಳಿಗೆ ಎಷ್ಟು ಸ್ಟ್ಯಾಂಡ್‌ಬೈ ಹಾಕಬಹುದು ಎಂಬ ಮಿತಿ, ರಾತ್ರಿ ಹೊತ್ತು ಹೆಣ್ಣುಮಕ್ಕಳಿಗೆ ಕ್ಯಾಬ್, ಪಿಕಪ್ ಗಡಿಯ ಹೊರಗಿರುವವರಿಗೆ ಪ್ರಯಾಣ ಭತ್ಯೆ, ಇವು ಆ ನಂತರದವು.

ಹೆದರಿಕೆಯ ಮಾತಿಗೆ ಬರೋಣ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಈಗ 2020ರ ಕೈಗಾರಿಕಾ ಸಂಬಂಧ ಸಂಹಿತೆ ಇದೆ. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ತೆಗೆಯುತ್ತೇವೆಂದು ಬೆದರಿಸುವುದು ಎರಡೂ ಅದರಲ್ಲಿ ಅನುಚಿತ ಕಾರ್ಮಿಕ ಪದ್ಧತಿಯೇ. ಆದರೆ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ನಿಗದಿತ ಅವಧಿಯ ಕಾಂಟ್ರ್ಯಾಕ್ಟ್ ಮುಗಿದಾಗ ಮುಂದುವರಿಸದೆ ಇರುವುದನ್ನು ಕಾನೂನು ರಿಟ್ರೆಂಚ್‌ಮೆಂಟ್ (ಉದ್ಯೋಗ ಕಡಿತ) ಎಂದು ಪರಿಗಣಿಸುವುದಿಲ್ಲ. ಅದು ಯೂನಿಯನ್ ಕಾರಣಕ್ಕೇ ಆಯಿತು ಎಂದು ಸಾಬೀತು ಮಾಡುವುದು ಕಷ್ಟ. ಸೀನಿಯರ್‌ಗಳ ಭಯಕ್ಕೆ ಬುಡವಿಲ್ಲ ಎನ್ನಲಾಗದು. ಆದರೆ ನಿಮ್ಮ ಕಾಂಟ್ರ್ಯಾಕ್ಟ್‌ಗೆ ಇನ್ನೂ ಮೂರು ವರ್ಷ ಹತ್ತು ತಿಂಗಳಿದೆ. ಅಷ್ಟು ದಿನ ಒಂಟಿಯಾಗಿ ನೋಟಿಸ್ ತಿನ್ನುವುದೋ, ಬೆನ್ನ ಹಿಂದೆ ಜನ ಇರುವುದೋ ಎಂದು ತೂಗಿ ನೋಡಿ. ಸೇರಿದ್ದನ್ನು ಡಂಗುರ ಸಾರಬೇಕಿಲ್ಲ.

"ಕ್ಯಾಬಿನ್ ಕ್ರೂ ಕಾರ್ಮಿಕರೇ ಅಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಏರ್ ಇಂಡಿಯಾ ಕ್ಯಾಬಿನ್ ಸಿಬ್ಬಂದಿಯ ಸೇವಾ ಷರತ್ತುಗಳ ಬಗ್ಗೆ 1965ರಲ್ಲಿ ಖೋಸ್ಲಾ ನ್ಯಾಯಮಂಡಳಿ, 1972ರಲ್ಲಿ ಮಹೇಶ್ ನ್ಯಾಯಮಂಡಳಿ ತೀರ್ಪು ಕೊಟ್ಟಿವೆ. ಮೊದಲ ಬಸಿರಿಗೇ ಗಗನಸಖಿಯನ್ನು ನಿವೃತ್ತಿಗೊಳಿಸುವ ನಿಯಮವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು 1981ರ ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ. ಹೊಸ ಸಂಹಿತೆಯಲ್ಲಿ 18,000 ರೂಪಾಯಿ ಮೀರಿದ ಸಂಬಳದವರು ಕಾರ್ಮಿಕರಲ್ಲ ಎಂಬ ಮಿತಿ ಇರುವುದು ಮೇಲ್ವಿಚಾರಣೆಯ ಹುದ್ದೆಗಳಿಗೆ ಮಾತ್ರ. ಲೀಡ್, ಇನ್‌ಚಾರ್ಜ್ ಎಂಬ ಪದನಾಮ ಕೊಟ್ಟ ಮಾತ್ರಕ್ಕೆ ಯಾರೂ ಮೇಲ್ವಿಚಾರಕರಾಗುವುದಿಲ್ಲ, ಮಾಡುವ ಕೆಲಸ ಯಾವುದು ಎಂಬುದೇ ಮುಖ್ಯ.

ಯೂನಿಯನ್ ಆರಿಸುವಾಗ ನೋಂದಣಿ ಸಂಖ್ಯೆ, ಹೋದ ವರ್ಷದ ಆಡಿಟ್ ಆದ ಲೆಕ್ಕ, ಚಂದಾ ರಸೀದಿ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಂದ ಎದ್ದುಬನ್ನಿ. ಪದಾಧಿಕಾರಿಗಳಲ್ಲಿ ಹೊರಗಿನವರು ಮೂರನೇ ಒಂದು ಭಾಗ ಅಥವಾ ಐದು ಜನ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ. ಅದಕ್ಕಿಂತ ಮುಖ್ಯ, ಸಮಿತಿಯಲ್ಲಿ ಈಗ ಸ್ಟ್ಯಾಂಡ್‌ಬೈ ಮಾಡುತ್ತಿರುವವರು ಒಬ್ಬರಾದರೂ ಇದ್ದಾರೆಯೇ ನೋಡಿ. ಒಳ್ಳೆಯ ರೋಸ್ಟರ್ ಸಿಕ್ಕ ಸೀನಿಯರ್‌ಗಳೇ ತುಂಬಿದ ಸಮಿತಿಯಲ್ಲಿ ಹೊರ ಊರಿನಲ್ಲಿ ತಂಗುವ ಲೇಓವರ್ ಹೋಟೆಲಿನ ಊಟದ ಚರ್ಚೆ ಮುಗಿಯುವ ಹೊತ್ತಿಗೆ ಸಭೆಯ ಸಮಯ ಮುಗಿದಿರುತ್ತದೆ. ಮಸ್ಟರ್ ರೋಲ್‌ನ (ಹಾಜರಿ ಪಟ್ಟಿಯ) ಶೇ. 51 ಕಾರ್ಮಿಕರ ಬೆಂಬಲ ಇರುವ ಯೂನಿಯನ್ ಒಂದೇ ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲ ಇರುವವರೆಲ್ಲ ಸೇರಿ ಸಮಾಲೋಚನಾ ಮಂಡಳಿ. ಸ್ಟ್ಯಾಂಡ್‌ಬೈ ಮಾಡುವ ಕಿರಿಯರು ಹೊರಗೆ ನಿಂತರೆ ಈ ಎಣಿಕೆ ದಾಟುವುದೇ ಕಷ್ಟ, ಅಂದರೆ ಯೂನಿಯನ್‌ಗೂ ನಿಮ್ಮ ಅಗತ್ಯವಿದೆ.

ಸದಸ್ಯತ್ವದ ನೇರ ಉಪಯೋಗ ಇನ್ನೊಂದಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಹತ್ತು ಜನ ಮೀರದಂತೆ, ಎರಡೂ ಕಡೆಯವರು ಸಮಸಂಖ್ಯೆಯಲ್ಲಿ. ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಸಮಿತಿ 30 ದಿನದಲ್ಲಿ ಮುಗಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಸಂಧಾನಾಧಿಕಾರಿಗೆ ಹೋಗಬಹುದು, ಆದರೆ ನೀವು ಸದಸ್ಯರಾಗಿರುವ ಯೂನಿಯನ್ ಮೂಲಕ. ಯೂನಿಯನ್ ಇಲ್ಲದವರಿಗೆ ಈ ಮೆಟ್ಟಿಲಲ್ಲೇ ಕಾಲು ಜಾರುತ್ತದೆ.

ಎಲ್ಲಿಗೆ ಹೋಗಬೇಕು ಎಂಬುದರಲ್ಲೂ ಬಹಳ ಜನ ಎಡವುತ್ತಾರೆ. ಚಿಕ್ಕಬಳ್ಳಾಪುರದಲ್ಲಿರುವ ರಾಜ್ಯ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಹಿಡಿದು ಹೋಗಿ ದಿನ ಕಳೆಯಬೇಡಿ. ವಿಮಾನಯಾನ ಸೇವೆಗೆ ಕೇಂದ್ರ ಸರ್ಕಾರವೇ ಸಂಬಂಧಪಟ್ಟ ಸರ್ಕಾರ. ಆದ್ದರಿಂದ ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆ, ಅಂದರೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಯಶವಂತಪುರ ಭಾಗದ ಶ್ರಮ ಸದನ. ಆನ್‌ಲೈನ್‌ನಲ್ಲಿ ಸಮಾಧಾನ್ ಪೋರ್ಟಲ್ ಇದೆ. ಸಂಧಾನ ನಡೆಯುತ್ತಿರುವಾಗ ಆ ವಿವಾದಕ್ಕೆ ಸಂಬಂಧಿಸಿದ ಸೇವಾ ಷರತ್ತನ್ನು ಕಂಪನಿ ತನ್ನಿಷ್ಟಕ್ಕೆ ಕಾರ್ಮಿಕರಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ. ಅದಲ್ಲದೆ ಸಂಬಳ, ಭತ್ಯೆ, ಕೆಲಸದ ಗಂಟೆ, ವಿಶ್ರಾಂತಿಯ ಷರತ್ತು ಬದಲಿಸಬೇಕಾದರೆ ಸಾಮಾನ್ಯವಾಗಿ 21 ದಿನದ ನೋಟಿಸ್ ಕೊಡಬೇಕು. ಅಲೋಯನ್ಸ್ ಲೆಕ್ಕದ ಕ್ರಮ ರಾತ್ರೋರಾತ್ರಿ ಬದಲಾದ ಮೇಲ್ ಬಂದರೆ, ಬಂದ ತಾರೀಖಿನ ಸಮೇತ ಅದನ್ನು ಯೂನಿಯನ್‌ಗೆ ತಲುಪಿಸಿ.

ಮಾಡಬಾರದ್ದು ಒಂದಿದೆ, ಕೈಮುಗಿದು ಹೇಳುವ ಮಾತು: ಎಲ್ಲರೂ ಒಟ್ಟಿಗೆ ಸಿಕ್ ಹಾಕುವ ವಾಟ್ಸಾಪ್ ಕರೆಗೆ ಹೂಂ ಅನ್ನಬೇಡಿ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕ್ಯಾಬಿನ್ ಕ್ರೂ ಸಾಮೂಹಿಕವಾಗಿ ಸಿಕ್ ಹೋದಾಗ ಹತ್ತಾರು ವಿಮಾನ ರದ್ದಾದವು, ಸುಮಾರು 25 ಜನಕ್ಕೆ ಕೆಲಸದಿಂದ ತೆಗೆದ ಪತ್ರ ಬಂತು. ಮೇ 9ರಂದು ದೆಹಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಯೂನಿಯನ್ ಕೂತು ಮಾತಾಡಿದ ಮೇಲೆ ಅವರನ್ನು ವಾಪಸ್ ತೆಗೆದುಕೊಳ್ಳಲು ಕಂಪನಿ ಒಪ್ಪಿತು. ಈಗ ಕಾನೂನು ಇನ್ನೂ ಬಿಗಿ. ಶೇ. 50ಕ್ಕಿಂತ ಕಡಿಮೆಯಿಲ್ಲದಷ್ಟು ಜನ ಒಂದೇ ದಿನ ಮಾತಾಡಿಕೊಂಡು ಕ್ಯಾಶುವಲ್ ಲೀವ್ ಹಾಕಿದರೆ ಅದೂ ಮುಷ್ಕರ. ಮುಷ್ಕರಕ್ಕೆ 14 ದಿನದ ನೋಟಿಸ್ ಬೇಕು, ಸಂಧಾನ ನಡೆಯುವಾಗ ಮತ್ತು ಅದು ಮುಗಿದ ಏಳು ದಿನ ಹೋಗುವಂತಿಲ್ಲ. ಕಾನೂನುಬಾಹಿರ ಮುಷ್ಕರಕ್ಕೆ ಕಾರ್ಮಿಕರಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ನಿಮಗೆ ನಿಜವಾಗಿ ಆಯಾಸವಾಗಿದ್ದರೆ, ಮೈ ಹುಷಾರಿಲ್ಲದಿದ್ದರೆ ಹಾರಬೇಡಿ. ಆ ಹೊತ್ತಿನಲ್ಲೇ ನಿಮ್ಮೊಬ್ಬರ ಹೆಸರಿನಲ್ಲಿ ಫಟೀಗ್ ರಿಪೋರ್ಟ್ ಬರೆಯಿರಿ, ಹಿಂದಿನ 72 ಗಂಟೆಯ ನಿದ್ದೆ, ಡ್ಯೂಟಿ, ಸ್ಟ್ಯಾಂಡ್‌ಬೈ ಸಮೇತ. ಕ್ಯಾಬಿನ್ ಬಾಗಿಲು ತೆರೆಯಬೇಕಾದ ಕ್ಷಣದಲ್ಲಿ ಕಣ್ಣು ಎಳೆಯುವುದು ಯಾರಿಗೂ ಒಳ್ಳೆಯದಲ್ಲ.

ಇನ್ನು ಚಿಕ್ಕಬಳ್ಳಾಪುರದಿಂದ ಹೋಮ್ ಸ್ಟ್ಯಾಂಡ್‌ಬೈ ಮಾಡುವುದರ ಬಗ್ಗೆ. ನಿಮ್ಮ ಮನೆಯಿಂದ ಟರ್ಮಿನಲ್‌ಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ರೂಮು ಮಾಡಿರುವವರಿಗಿಂತ ಹೆದ್ದಾರಿ 44ರಲ್ಲಿ ಬೇಗ ತಲುಪುತ್ತೀರಿ. ತುಮಕೂರು, ಕೋಲಾರದಿಂದ ಬರುವವರಿಗೆ ದೂರ ಎರಡು ಪಟ್ಟಿಗೂ ಮಿಕ್ಕಿದ್ದು, ಅವರು ಮನೆಯಿಂದ ಸ್ಟ್ಯಾಂಡ್‌ಬೈ ಮಾಡುವ ಮುನ್ನ ಎರಡು ಸಲ ಯೋಚಿಸಬೇಕು. ನಿಮಗೆ ತೊಂದರೆ ಬೆಳಗಿನ ಜಾವದಲ್ಲಿಲ್ಲ. ಶನಿವಾರ, ಭಾನುವಾರ ನಂದಿಬೆಟ್ಟಕ್ಕೆ ನುಗ್ಗುವ ಗಾಡಿಗಳು ಆಗ ಎದುರು ದಿಕ್ಕಿನಲ್ಲಿರುತ್ತವೆ. ಭಾನುವಾರ ಸಂಜೆ ಮಾತ್ರ ನಂದಿ, ಆದಿಯೋಗಿ ನೋಡಿ ವಾಪಸಾಗುವ ಜನ ನಿಮ್ಮ ದಿಕ್ಕಿನಲ್ಲೇ ತುಂಬಿರುತ್ತಾರೆ. ಆ ಹೊತ್ತಿನ ಸ್ಟ್ಯಾಂಡ್‌ಬೈಗೆ ದೇವನಹಳ್ಳಿಯ ಪರಿಚಿತರ ಮನೆಯಲ್ಲಿರುವುದು ಕ್ಷೇಮ. ಕಂಪನಿಯ ದಾಖಲೆಯಲ್ಲಿ ನೀವು ವಾಸವಿರುವ ವಿಳಾಸವೇ ಇರಲಿ. ಬೆಂಗಳೂರಿನ ಹಳೆಯ ಪಿಜಿ ವಿಳಾಸ ಇದ್ದರೆ ಕ್ಯಾಬ್ ಅಲ್ಲಿಗೆ ಹೋಗುತ್ತದೆ, ತಪ್ಪು ನಿಮ್ಮ ತಲೆಗೆ ಬರುತ್ತದೆ.

ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವ ಜಾಗ ಯಾವುದೆಂದು ನೋಡಿಟ್ಟು ಸ್ಟ್ಯಾಂಡ್‌ಬೈ ಹೊತ್ತಿನಲ್ಲಿ ಫೋನು ಅಲ್ಲೇ ಇರಲಿ. ವೈಫೈ ಕಾಲಿಂಗ್ ಆನ್ ಮಾಡಿ, ಆದರೆ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ ಎಂಬುದು ನೆನಪಿರಲಿ. ಎರಡನೆಯ ನಂಬರ್ ಬೇರೆ ಕಂಪನಿಯ ಸಿಮ್ ಆಗಿದ್ದು, ಅದನ್ನು ಮೇಲ್ ಮೂಲಕ ಕೊಟ್ಟಿರಬೇಕು, ಬಾಯಿಮಾತಿನಲ್ಲಲ್ಲ. ಡು ನಾಟ್ ಡಿಸ್ಟರ್ಬ್‌ನಲ್ಲಿ ಕ್ರೂ ಕಂಟ್ರೋಲ್‌ನ ಎಲ್ಲ ನಂಬರ್‌ಗಳಿಗೂ ವಿನಾಯಿತಿ ಹಾಕಿ, ಅವರು ಒಂದೇ ಲೈನಿನಿಂದ ಕರೆಯುವುದಿಲ್ಲ. ಅಮ್ಮ ಕೊಡುವ ಕೆಮ್ಮಿನ ಸಿರಪ್‌ನ ಲೇಬಲ್ ಓದದೆ ಕುಡಿಯಬೇಡಿ. ಆಲ್ಕೋಹಾಲ್ ಅಂಶವಿರುವ ಔಷಧಿ, ಮೌತ್‌ವಾಶ್, ಟೂತ್ ಜೆಲ್ ಬಳಸಬಾರದೆಂದು ಡಿಜಿಸಿಎ ನಿಯಮವೇ ಇದೆ. ಸ್ಟ್ಯಾಂಡ್‌ಬೈನಲ್ಲಿ ಕರೆ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ಬ್ರೆತ್ ಅನಲೈಸರ್‌ಗೆ ಸಿಕ್ಕಿಬೀಳುವ ಅಪಾಯ ನಿಮಗೆ ಬೇರೆಯವರಿಗಿಂತ ಹೆಚ್ಚು.

ನೋಟಿಸ್‌ಗೆ ಬರೆದ ಉತ್ತರವನ್ನು ಕಳಿಸುವ ಮುಂಚೆ ಯೂನಿಯನ್‌ನ ಒಬ್ಬರಿಗೆ ತೋರಿಸಿ. ಇನ್ನೂ ಸದಸ್ಯರಲ್ಲ ಎಂದು ಹಿಂಜರಿಯಬೇಡಿ. ಆ ಹಾಳೆಯನ್ನು ಅವರು ಎಷ್ಟು ಶ್ರದ್ಧೆಯಿಂದ ಓದುತ್ತಾರೆ, ಸಮಯಗಳನ್ನು ತಾಳೆ ನೋಡಿ ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂಬುದರಲ್ಲೇ ಆ ಯೂನಿಯನ್ ಸೇರಬೇಕೇ ಬೇಡವೇ ಎಂಬುದು ನಿಮಗೆ ಗೊತ್ತಾಗುತ್ತದೆ.